ಸ್ಟೇಶನ್ ಬಜಾರದ ಬಾಳೆಗಿಡ

ಕಲಬುರಗಿ, ಫಸಲಿ ೧೩೩೧ (ಇಸವಿ ೧೯೨೧)

ಅವ್ವ,

ನಿನಗೆ ಓದು ಬರುತ್ತಿರಲಿಲ್ಲ, ಈಗ ನೀನೂ ಇಲ್ಲ. ಆದರೂ ಬರೆಯುತ್ತಿದ್ದೇನೆ.

ನಿಜಾಮ ಸರ್ಕಾರದ ನೌಕರಿ ಸಿಕ್ಕಿ ಕಮಲಾಪುರ ಬಿಟ್ಟಾಗ ನಾವು ಎರಡು ಮನೆ ನೋಡಿದ್ದೆವಲ್ಲ. ಸ್ಟೇಶನ್ ಬಜಾರದಾಚೆ ಬಯಲಲ್ಲಿದ್ದ ಮನೆಗೆ ದೊಡ್ಡ ಹಿತ್ತಲಿತ್ತು. ಆದರೆ ನಿನಗೆ ಮಾತಿಗೆ ನಮ್ಮ ಮಂದಿ ಬೇಕೆಂದು ನಾನು ಶಹಾಬಜಾರದ ಓಣಿಯ ಮನೆ ಹಿಡಿದೆ. ಊರಿಂದ ತಂದ ಕೆಂಪು ಬಾಳೆಯ ಸಸಿಯನ್ನು ಎಲ್ಲಿ ನೆಡಲಿ ಎಂದು ನೀನು ಕೇಳಿದಾಗ, "ಇಲ್ಲಿ ಜಾಗ ಎಲ್ಲದ? ಒಗಿ ಅತ್ಲಾಗ" ಎಂದಿದ್ದೆ. ನೀನು ಸಸಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟೆ.

ಇವತ್ತು ಕಚೇರಿ ಕೆಲಸಕ್ಕೆ ಸ್ಟೇಶನ್ ಕಡೆ ಹೋದವನು ನಾವು ಬಿಟ್ಟ ಆ ಬಯಲ ಮನೆಯ ಮುಂದೆ ಸುಮ್ಮನೆ ನಿಂತೆ. ಅಂದು ನಮಗೆ ಮನೆ ತೋರಿಸಿದ್ದ ಕಾವಲಿನ ಹಣಮಮ್ಮ ಗುರುತು ಹಿಡಿದಳು.

"ಯಾಕ್ರೀ, ನಿಮ್ಮವ್ವಾರು ಮೂರು ತಿಂಗಳಿಂದ ಬಂದೇ ಇಲ್ಲ? ಸೋಮವಾರಕ್ಕೊಮ್ಮೆ ಬಂದು ಬಾಳಿಗಿಡಕ್ಕ ನೀರು ಹಾಕಿ, ತಾಸೊತ್ತು ಕುಂತು ಹೋಗತಿದ್ರು. ಈಗ ಗೊನಿ ಹಾಕ್ಯಾದ, ನೋಡ ಬರ್ರಿ."

ನೀನು ಇಲ್ಲವೆಂದು ಹೇಳದೆಯೇ ಅವಳ ಹಿಂದೆ ಹೋದೆ. ಹಿತ್ತಲಲ್ಲಿ ನನ್ನೆತ್ತರ ಮೀರಿದ ಗಿಡ, ಅದರಲ್ಲಿ ಕೆಂಪು ಗೊನೆ.

ಸೋಮವಾರ ನೀನು ಗುಡಿಗೆ ಹೋಗುತ್ತೀ ಎಂದುಕೊಂಡಿದ್ದೆ. ಒಮ್ಮೆ ಹೊಸ್ತಿಲಲ್ಲೇ ತಡೆದು, ಗುಡಿಗೆ ಹೋದವಳ ಕಾಲಿಗೆ ಇಷ್ಟು ಕೆಸರು ಹೇಗೆ ಮೆತ್ತಿತು ಎಂದು ಗದರಿದ್ದೆ. ನೀನು ಕಾಲು ತೊಳೆದು ಒಳಗೆ ಬಂದೆ.

ಇವತ್ತು ಆ ಗಿಡಕ್ಕೆ ನಾನೂ ನೀರು ಹಾಕಿದೆ. ಅದೇ ಕೆಸರು ನನ್ನ ಕಾಲಿಗಿದೆ. ಹೊಸ್ತಿಲ ಹೊರಗೇ ಕೂತು ಬರೆಯುತ್ತಿದ್ದೇನೆ.