ಡಯಲಿನ ಹಿಂದೆ ಪೆನ್ಸಿಲಿನಲ್ಲಿ ಬರೆದದ್ದು

ವಾಹನಗಳಿಗೆ ಅರ್ಹತಾ ಪತ್ರ ಕೊಡುವ ಕಚೇರಿಯ ಮುಖ್ಯಾಧಿಕಾರಿಗಳೇ,

ಸರಿಯಾಗಿ ಕೆಲಸ ಮಾಡುತ್ತಿರುವ ಒಂದು ಸ್ಪೀಡೋಮೀಟರನ್ನು ನಿಮ್ಮ ಕಚೇರಿ ಸುಳ್ಳು ಮೀಟರ್ ಎಂದು ತೀರ್ಮಾನಿಸಿದೆ. ಅದನ್ನು ರಿಪೇರಿ ಮಾಡಿದವಳು ನಾನು. ಇದರಿಂದಾಗಿ ನನ್ನ ಸೋದರಮಾವನ ವ್ಯಾನು ಅರ್ಹತಾ ಪತ್ರವಿಲ್ಲದೆ ಹದಿನೆಂಟು ದಿನಗಳಿಂದ ಮನೆಯ ಮುಂದೆ ನಿಂತಿದೆ. ಅವರು ಅದರಲ್ಲಿ ಬೇಕರಿಯಿಂದ ಅಂಗಡಿಗಳಿಗೆ ಬ್ರೆಡ್ ಸಾಗಿಸುತ್ತಿದ್ದರು. “ತಿಂಗಳ ಕೊನೆವರೆಗೂ ಹೇಗೋ ತಳ್ತೀನಪ್ಪ, ಆಮೇಲೆ ಬೇರೆಯವರನ್ನ ನೋಡ್ಕೋಬೇಕಾಗತ್ತೆ” ಎಂದು ಬೇಕರಿಯವರು ಹೇಳಿದ್ದಾರೆ. ತಿಂಗಳು ಮುಗಿಯಲು ಇನ್ನು ಒಂಬತ್ತು ದಿನವಿದೆ.

ನಡೆದದ್ದು ಇಷ್ಟು. ವ್ಯಾನಿನ ವೇಗದ ಮುಳ್ಳು ಜ್ವರ ಬಂದಂತೆ ನಡುಗುತ್ತಿತ್ತು. ಕಿಲೋಮೀಟರ್ ಅಂಕಿಗಳು ನಿಂತುಹೋಗಿದ್ದವು. ಕಂಪನಿಯ ಸರ್ವಿಸ್ ಸೆಂಟರಿನವರು ಇಡೀ ಸೆಟ್ಟನ್ನೇ ಬದಲಿಸಬೇಕೆಂದರು. ಅವರು ಹೇಳಿದ ಬೆಲೆ ಮಾವನ ಎರಡು ತಿಂಗಳ ದುಡಿಮೆ. ನಾನು ಬಿಚ್ಚಿ ನೋಡಿದೆ. ಅಂಗಿ ಗುಂಡಿಯಷ್ಟು ಅಗಲದ ಪ್ಲಾಸ್ಟಿಕ್ ಹಲ್ಲುಚಕ್ರ ಒಂದರಲ್ಲಿ ಮೂರು ಹಲ್ಲು ಮುರಿದಿದ್ದವು, ಮುಳ್ಳಿನ ಬುಡದಲ್ಲಿ ಎಣ್ಣೆ ಆರಿತ್ತು. ಗುಜರಿ ಮೀಟರಿನಿಂದ ಚಕ್ರ ತೆಗೆದು ಕೂರಿಸಿದೆ, ಒಂದು ಹನಿ ಎಣ್ಣೆ ಬಿಟ್ಟೆ. ಆಯಿತು.

ಮೀಟರ್ ಬಿಚ್ಚಿದ ಕೂಡಲೇ ಅದರಲ್ಲಿರುವ ಕಿಲೋಮೀಟರನ್ನೂ ತಾರೀಖನ್ನೂ ಡಯಲಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಡುವುದು ನಮ್ಮ ಕೆಲಸದ ಪದ್ಧತಿ. ನನಗೆ ಈ ಕೆಲಸ ಕಲಿಸಿದ ಮುದುಕರು ಮೊದಲ ದಿನವೇ ಹೇಳಿದ್ದರು: “ನಾಳೆ ಇನ್ಯಾರೋ ಬಿಚ್ತಾರೆ. ನೀನು ಅಂಕಿ ತಿರುಗಿಸಿಲ್ಲ ಅನ್ನೋಕೆ ಇದೇ ಸಾಕ್ಷಿ, ಮಗಳೇ.” ಅದರಂತೆ 1,84,263 ಎಂದು ಬರೆದಿದ್ದೆ.

ತಪಾಸಣೆಯ ದಿನ ನಾನೂ ಹೋಗಿದ್ದೆ. ಮೀಟರಿನ ಕಂಪನಿ ಸೀಲು ಇಲ್ಲದ್ದನ್ನು ನೋಡಿ ನಿಮ್ಮ ತಪಾಸಕರು ಅದನ್ನು ಬಿಚ್ಚಿಸಿದರು. ಡಯಲಿನ ಹಿಂದಿನ ಪೆನ್ಸಿಲ್ ಅಂಕಿ ಅವರ ಕಣ್ಣಿಗೆ ಬಿತ್ತು.

“ಏನಮ್ಮ ಇದು, ಎಷ್ಟಕ್ಕೆ ತಿರುಗಿಸ್ಬೇಕು ಅಂತ ಗುರುತು ಹಾಕ್ಕೊಂಡಿದೀಯಾ?”

“ಇಲ್ಲ ಸಾರ್, ಅವಳು ಎಲ್ಲಾ ಮೀಟರಿಗೂ ಹಾಗೇ ಬರೀತಾಳೆ” ಎಂದರು ಮಾವ.

“ಓಹೋ, ಎಲ್ಲಾ ಮೀಟರನ್ನೂ ತಿರುಗಿಸ್ತಾಳಾ? ಭೇಷ್” ಎಂದರು ತಪಾಸಕರು.

ಸುತ್ತ ನಿಂತಿದ್ದವರು ನಕ್ಕರು. ಮಾವ ನನ್ನ ಕಡೆ ತಿರುಗಿ “ಒಂದು ಮಾತು ಹೇಳೇ” ಎಂದರು. ಹೊಸಬರ ಮುಂದೆ ನನಗೆ ನಾಲಿಗೆ ಏಳುವುದಿಲ್ಲ. ನೆಲ ನೋಡುತ್ತ ನಿಂತೆ. ವರದಿಯಲ್ಲಿ ಎರಡು ವಾಕ್ಯ ಬಂದವು: “ಮೀಟರ್ ತಿದ್ದಲಾಗಿದೆ. ತಿದ್ದಿದವರು ಸ್ಥಳದಲ್ಲಿಯೇ ಇದ್ದು ಅಲ್ಲಗಳೆಯಲಿಲ್ಲ.”

ಮಾವ ನನ್ನನ್ನು ಬೈಯಲಿಲ್ಲ. “ಹೋಗ್ಲಿ ಬಿಡು, ಬಾಯಿದ್ದಿದ್ರೆ ನೀನು ಲಾಯರ್ ಆಗ್ತಿದ್ದೆ” ಎಂದು ನಗಿಸಲು ನೋಡಿದರು. ಅತ್ತೆ ನಗಲಿಲ್ಲ.

ಮಾನ್ಯರೇ, ಒಂದು ಸಣ್ಣ ಪ್ರಶ್ನೆ. ತಪಾಸಣೆಯ ಹೊತ್ತಿಗೆ ಮೀಟರ್ 1,84,311 ತೋರಿಸುತ್ತಿತ್ತು, ಅಂದರೆ ನಾನು ಬರೆದದ್ದಕ್ಕಿಂತ ನಲವತ್ತೆಂಟು ಹೆಚ್ಚು. ಅಂಕಿ ಕದಿಯುವವರು ಹಿಂದಕ್ಕೆ ತಿರುಗಿಸುತ್ತಾರೋ, ಮುಂದಕ್ಕೋ? ಕದ್ದ ಮಾಲಿನ ತೂಕವನ್ನು ಚೀಟಿಯಲ್ಲಿ ಬರೆದು, ಅದನ್ನು ಅದೇ ಮೂಟೆಯೊಳಗೆ ಇಟ್ಟುಹೋಗುವ ಕಳ್ಳರನ್ನು ನಿಮ್ಮ ಸೇವಾವಧಿಯಲ್ಲಿ ಎಷ್ಟು ಮಂದಿಯನ್ನು ಕಂಡಿದ್ದೀರಿ? ಇನ್ನೊಂದು ಕಡೆ, ಹೊಸ ಸೆಟ್ ಹಾಕಿಸಿದರೆ ಅದು ಸೊನ್ನೆಯಿಂದ ಎಣಿಸಲು ತೊಡಗುತ್ತದೆ. ಹನ್ನೊಂದು ವರ್ಷ ಓಡಿದ ವ್ಯಾನು ಇವತ್ತು ಬೆಳಿಗ್ಗೆ ಹುಟ್ಟಿತು ಎನ್ನುವ ಆ ಮೀಟರಿಗೆ, ಜೊತೆಯಲ್ಲಿ ಕಂಪನಿಯ ಬಿಲ್ಲಿದ್ದರೆ, ನಿಮ್ಮ ಮುದ್ರೆ ತಡವಿಲ್ಲದೆ ಬೀಳುತ್ತದೆ. ಬಿಲ್ಲಿರುವ ಸೊನ್ನೆ ಪ್ರಾಮಾಣಿಕ, ಬಿಲ್ಲಿಲ್ಲದ ಲೆಕ್ಕ ಅಪರಾಧ. ಇಷ್ಟು ಸುಲಭದ ನಿಯಮವನ್ನು ಗೋಡೆಯ ಮೇಲೆ ಬರೆಸಿದ್ದರೆ ನನ್ನಂಥವರು ಹಲ್ಲುಚಕ್ರ ಹುಡುಕುತ್ತ ಕಣ್ಣು ಕೆಡಿಸಿಕೊಳ್ಳುತ್ತಿರಲಿಲ್ಲ.

ದಯೆ ಬೇಡ, ಪರೀಕ್ಷೆ ಮಾಡಿ. ನಿಮ್ಮ ಕಚೇರಿಯ ಮುಂದಿನ ರಸ್ತೆಯಲ್ಲಿ ಕಿಲೋಮೀಟರ್ ಕಲ್ಲುಗಳಿವೆ. ಹತ್ತು ಕಲ್ಲು ದಾಟುವವರೆಗೆ ಆ ವ್ಯಾನನ್ನು ಓಡಿಸಿ ನೋಡಿ. ಅಂಕಿ ತಪ್ಪಿದರೆ ನನ್ನ ರಿಪೇರಿ ಅಂಗಡಿಯ ಬಾಗಿಲನ್ನು ನಾನೇ ಎಳೆಯುತ್ತೇನೆ. ತಪ್ಪದಿದ್ದರೆ ಒಂಬತ್ತು ದಿನದೊಳಗೆ ಅರ್ಹತಾ ಪತ್ರ ಕೊಡಿ, ವರದಿಯ ಎರಡೂ ವಾಕ್ಯಗಳನ್ನು ಹೊಡೆದುಹಾಕಿ. ಅಲ್ಲಿಯವರೆಗೆ ಈ ಪತ್ರವನ್ನು ಅದೇ ಕಡತಕ್ಕೆ ಸೇರಿಸಿ. ಅಲ್ಲಗಳೆಯುತ್ತಿದ್ದೇನೆ.

ಇಂತಿ,
ಕಚೇರಿಗೆ ಬರೆದರೆ ಉತ್ತರ ಬರುತ್ತದೆ ಎಂದು ನಂಬುವಷ್ಟು ಮಾತ್ರ ಓದಿರುವ,
ಮೀಟರ್ ರಿಪೇರಿಯವಳು