ಪ್ಲಗ್ ಕಿತ್ತು ನೋಡಿದ ದಿನ

ರೋಹಿಣಿ, ದೆಹಲಿ
ಗುರುವಾರ, ೨೦ ನವೆಂಬರ್ ೨೦೨೫

ಪ್ರೀತಿಯ ಸಾಕೇತ್,

ರಾತ್ರಿ ಎರಡೂಕಾಲು. ಪಕ್ಕದ ಕೋಣೆಯಲ್ಲಿ ಸೂಟ್‌ಕೇಸಿನ ಜಿಪ್ ಎಳೆದ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಅನ್ನುವುದೂ ಪೂರ್ತಿ ನಿಜವಲ್ಲ, ನಿದ್ದೆ ಬಂದಿದ್ದರೆ ತಾನೇ. ಅತ್ತೆ ಪ್ಯಾಕಿಂಗ್ ಮುಗಿಸುತ್ತಿದ್ದಾರೆ. ಆರು ಗಂಟೆಗೆ ಟ್ಯಾಕ್ಸಿ. ಹಂಸಿನಿಯನ್ನು ಕರೆದುಕೊಂಡು ಕುಶಾಲನಗರಕ್ಕೆ ಹೊರಟಿದ್ದಾರೆ, ಇಲ್ಲಿನ ಹೊಗೆ ತಿಳಿಯಾಗುವವರೆಗೆ, ಅಂದರೆ ಫೆಬ್ರವರಿ ಕಳೆಯುವವರೆಗೆ. ನಾನೇ ಹೂಂ ಅಂದಿದ್ದೇನೆ. ನೀನೂ ಫೋನಿನಲ್ಲಿ ಒಳ್ಳೆಯದೇ ಆಯಿತು ಅಂದೆಯಂತೆ.

ನಿನ್ನ ಮೇಲ್‌ಗೆ ಇಷ್ಟು ದಿನ ಉತ್ತರ ಬರೆಯದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅಲ್ಲಿ ಮೇಲೆ ಹಿಮ ಶುರುವಾಗಿರಬೇಕು. ನಿನ್ನ ಮೊಬೈಲ್ ಹತ್ತುವುದಿಲ್ಲ, ಪೋಸ್ಟಿನ ಫೋನಿನಿಂದ ನೀನೇ ಮಾಡಬೇಕು, ಡ್ಯೂಟಿ ಬದಲಾಗುವ ಹೊತ್ತಿಗೆ ಮಾತ್ರ ಮೇಲ್ ನೋಡುತ್ತೀಯ ಅಂತ ಗೊತ್ತಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಅದೇನು ಕ್ಲಸ್ಟರೋ, ಮಗಳಿಗಿಂತ ಹೆಚ್ಚು ಅದನ್ನೇ ನೋಡಿಕೊಳ್ಳುತ್ತೀಯಲ್ಲ ಎಂದು ನೀನು ಆ ಮೇಲ್‌ನಲ್ಲಿ ತಮಾಷೆ ಮಾಡಿದ್ದೆ. ಹೇಳುತ್ತೇನೆ ಕೇಳು.

ನಮ್ಮ ಸಾಫ್ಟ್‌ವೇರ್ ಇರುವ ಆಸ್ಪತ್ರೆಗಳಲ್ಲಿ ಲ್ಯಾಬಿನ ಯಂತ್ರ ರಕ್ತಪರೀಕ್ಷೆ ಮುಗಿಸಿದ ಕೂಡಲೇ ರಿಪೋರ್ಟ್ ಕಳಿಸುತ್ತದೆ. ಅದನ್ನು ತೆಗೆದುಕೊಂಡು, ಸಾಲಿನಲ್ಲಿಟ್ಟು, ಸರಿಯಾದ ವಾರ್ಡಿಗೆ ಮುಟ್ಟಿಸುವುದು ಮೆಸೇಜ್ ಬ್ರೋಕರ್ ಅನ್ನುವ ಪ್ರೋಗ್ರಾಮ್. ಅಂಚೆ ಕಚೇರಿ ಅಂದುಕೋ. ಇಷ್ಟು ದಿನ ಅದು ಒಂದೇ ಸರ್ವರಿನ ಮೇಲೆ ನಡೆಯುತ್ತಿತ್ತು. ಸೆಪ್ಟೆಂಬರಿನಲ್ಲಿ ಅದು ಕೆಟ್ಟು ಕೂತಾಗ ವಾರ್ಡ್‌ಬಾಯ್‌ಗಳು ಅರ್ಧ ದಿನ ಚೀಟಿ ಹಿಡಿದುಕೊಂಡು ಓಡಾಡಿದರು. ಆಮೇಲೆ ಇನ್ನೊಂದು ಸರ್ವರ್ ತಯಾರಾಗಿರಲಿ, ಮೊದಲನೆಯದು ಬಿದ್ದರೆ ಅದು ಕೆಲಸ ಎತ್ತಿಕೊಳ್ಳಲಿ ಅಂತ ತೀರ್ಮಾನವಾಗಿ ನನ್ನ ಪಾಲಿಗೆ ಬಂತು.

ಎರಡೂ ಸರ್ವರ್‌ಗಳು ಕ್ಷಣಕ್ಷಣಕ್ಕೂ ಒಂದನ್ನೊಂದು ಇದ್ದೀಯಾ ಎಂದು ಕೇಳುತ್ತಿರುತ್ತವೆ. ಉತ್ತರ ಬರಲಿಲ್ಲವೋ, ಇನ್ನೊಂದು ಸತ್ತಂತೆಯೇ ಲೆಕ್ಕ. ನನ್ನ ಮ್ಯಾನೇಜರ್ ಆದರ್ಶ್ ಎರಡೇ ಸಾಕು ಅಂದ. ಟ್ರಯಲ್‌ನಲ್ಲಿ ನಡುವಿನ ಕೇಬಲ್ ಕಿತ್ತೆವು. ಎರಡೂ ಗಟ್ಟಿಮುಟ್ಟಾಗಿದ್ದವು. ಆದರೆ ಇನ್ನೊಂದು ಹೋಯಿತು ಅಂದುಕೊಂಡು ಎರಡೂ ತಾನೇ ಯಜಮಾನ ಅಂತ ಕೆಲಸಕ್ಕಿಳಿದವು. ಒಂದೇ ರಿಪೋರ್ಟ್ ಎರಡೆರಡು ಸಲ ಹೋಯಿತು, ಕೆಲವು ಹೋಗಲೇ ಇಲ್ಲ. ಟ್ರಯಲ್ ಆದ್ದರಿಂದ ಬಚಾವಾದೆವು. ಮೂರನೆಯದೊಂದು ಬೇಕು, ಅದು ರಿಪೋರ್ಟ್ ಹೊರದಿದ್ದರೂ ಪರವಾಗಿಲ್ಲ, ಇಬ್ಬರಲ್ಲಿ ಯಾರ ಮಾತು ನಡೆಯಬೇಕು ಅಂತ ವೋಟು ಹಾಕಿದರೆ ಸಾಕು ಎಂದು ನಾನು ಹಟ ಹಿಡಿದೆ. ದೊಡ್ಡವೆರಡು ಗ್ರೇಟರ್ ನೋಯ್ಡಾದಲ್ಲಿವೆ, ವೋಟಿನದನ್ನು ಜನಕಪುರಿ ಆಫೀಸಿನಲ್ಲಿ ಬೇರೆ ಲೈನಿನ ಮೇಲೆ ಇಟ್ಟಿದ್ದೇವೆ. ಈ ಮೂರೂ ಸೇರಿದ್ದೇ ನೀನು ಕೇಳಿದ ಕ್ಲಸ್ಟರ್.

ಸೋಮವಾರ, ಮಂಗಳವಾರ ಕೊನೆಯ ಪರೀಕ್ಷೆ ಇತ್ತು. ದಿನಾ ರೋಹಿಣಿಯಿಂದ ಓಡಾಡಲು ಆಗುವುದಿಲ್ಲವೆಂದು ರಾತ್ರಿ ನೋಯ್ಡಾದ ಗೆಸ್ಟ್‌ಹೌಸ್‌ನಲ್ಲೇ ಉಳಿದೆ. ಒಂದು ಆಸ್ಪತ್ರೆಯನ್ನು ಹೊಸ ಕ್ಲಸ್ಟರಿಗೆ ಸೇರಿಸಿಕೊಂಡು, ಕೆಲಸ ನಡೆಯುತ್ತಿರುವಾಗಲೇ ಮುಖ್ಯ ಸರ್ವರಿನ ಪ್ಲಗ್ ನನ್ನ ಕೈಯಾರೆ ಕಿತ್ತೆ. ಎರಡನೆಯದು ಎದ್ದು ನಿಂತಿತು, ಸಾಲು ಮುಂದಕ್ಕೆ ಸರಿಯಿತು. ಲ್ಯಾಬಿನಿಂದಾಗಲಿ ವಾರ್ಡಿನಿಂದಾಗಲಿ ಒಂದೇ ಒಂದು ಫೋನ್ ಬರಲಿಲ್ಲ. ಆದರ್ಶ್ ಸಮೋಸಾ ತರಿಸಿ, "ಬೋರಿಂಗ್ ಹೈ ಯಾರ್, ಏನೂ ಆಗಲೇ ಇಲ್ಲ" ಅಂದ. ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಉಳಿದ ಆಸ್ಪತ್ರೆಗಳನ್ನೆಲ್ಲ ಬರುವ ಸೋಮವಾರ ಸೇರಿಸುತ್ತೇವೆ. ಅವತ್ತು ನಾನು ಇಲ್ಲಿರಲೇಬೇಕು.

ಮನೆಯ ಸುದ್ದಿಗೆ ಬರುತ್ತೇನೆ. ಹಂಸಿನಿಗೆ ಕೆಮ್ಮು, ರಾತ್ರಿ ಎದೆ ಸಿಳ್ಳೆ ಹೊಡೆಯುತ್ತದೆ. ದಿನಕ್ಕೆರಡು ಸಲ ನೆಬ್ಯುಲೈಜರ್ ಇಡುತ್ತೇವೆ. ಮಾಸ್ಕ್ ಕಂಡರೆ "ನಹೀ, ಬೇಡ, ನಹೀ" ಅಂತ ಎರಡೂ ಭಾಷೆಯಲ್ಲಿ ಜಗಳ. ಡೇ ಕೇರ್ ಮುಚ್ಚಿದೆ. ಸಾಧ್ಯವಾದರೆ ಊರಿಗೆ ಕಳಿಸಿ ಎಂದು ಡಾಕ್ಟರೂ ಹೇಳಿದರು. ಅತ್ತೆ ಹೇಳುವುದರಲ್ಲಿ ಒಂದಕ್ಷರ ತಪ್ಪಿಲ್ಲ. ಮಗು ಹೋಗುವುದು ಬೇಡ ಅಂತ ನಾನು ಅನ್ನುತ್ತಿಲ್ಲ. ನಾನಿಲ್ಲದೆ ಹೋಗುವುದು ಬೇಡ, ಅಷ್ಟೇ. ಐದು ದಿನ ತಡೆದರೆ ಮಂಗಳವಾರ ರಜೆ ಹಾಕಿ ನಾನೂ ಹೊರಡುತ್ತೇನೆ. ಒಂದು ತಿಂಗಳು ಅಲ್ಲಿಂದಲೇ ಕೆಲಸ ಮಾಡು ಅಂತ ಆದರ್ಶ್ ಒಪ್ಪಿದ್ದಾನೆ. ಅಷ್ಟು ದಿನ ಕೋಣೆಯ ಕಿಟಕಿ ಮುಚ್ಚಿ ಏರ್ ಪ್ಯೂರಿಫೈಯರ್ ಹಾಕಿಡುತ್ತೇವೆ.

ಇದನ್ನು ನಿನ್ನೆ ಹೇಳಲು ಬಾಯಿ ತೆರೆದೆ. ಅತ್ತೆ ಮಗುವಿನ ಸ್ವೆಟರ್ ಮಡಿಸುತ್ತಲೇ, "ಯಾಕಮ್ಮ, ಸಾಕೇತನ್ನ ಸಾಕಿದ್ದೂ ನಾನೇ ಅಲ್ವಾ?" ಅಂದರು. ಮುಖ ಸಣ್ಣದಾಗಿತ್ತು. ನಾನೂ ಒಂದು ಸ್ವೆಟರ್ ಎತ್ತಿಕೊಂಡು ಮಡಿಸಲು ಕೂತೆ. ಅವರನ್ನು ನಂಬುವುದಿಲ್ಲ ಅನ್ನುವ ಮಾತು ನಮ್ಮಿಬ್ಬರ ನಡುವೆ ಒಮ್ಮೆ ಬಂದರೆ ಮತ್ತೆ ಹೋಗುವುದಿಲ್ಲ. ಮಂಗಳವಾರದವರೆಗೆ ತಡಿ ಅಂತ ನೀನು ಹೇಳಿದರೆ ಅದು ಮಗನ ಮಾತು, ನೋವಾಗುವುದಿಲ್ಲ.

ಕಿವಿ ಮುಚ್ಚಿಕೊಂಡು ಓಡಾಡು, ಸರಿಯಾಗಿ ಊಟ ಮಾಡು. ನಿನ್ನನ್ನೂ ನಿನ್ನ ಜೊತೆಗಿರುವ ಹುಡುಗರನ್ನೂ ಆ ಗುಡ್ಡದ ಮೇಲೆ ದೇವರು ಚೆನ್ನಾಗಿಟ್ಟಿರಲಿ.

ನಿನ್ನ,
ಪ್ರೇರಣಾ

ಬರೆಯಬಾರದು ಅಂದುಕೊಂಡಿದ್ದ ಮಾತು: ಮಂಗಳವಾರ ಸಂಜೆ ನಾನು ನೋಯ್ಡಾದಿಂದ ಬಂದಾಗ ಹಂಸಿನಿ ಅತ್ತೆಯ ತೊಡೆಯ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದಳು. ನನ್ನನ್ನು ನೋಡಿದಳು. ಅಳಲಿಲ್ಲ, ಎದ್ದು ಬರಲಿಲ್ಲ, ತಿರುಗಿ ಮುಂದಿನ ತುತ್ತಿಗೆ ಬಾಯಿ ತೆರೆದಳು. ಅತ್ತೆ ನನಗೆ ಸಮಾಧಾನವಾಗಲಿ ಅಂತಲೇ ಹೇಳಿದರು: "ನೀನು ಇರ್ಲಿಲ್ಲ ಅಂತ ಅವಳಿಗೆ ಗೊತ್ತೇ ಆಗ್ಲಿಲ್ಲ ನೋಡು. ಇನ್ನು ಆರಾಮಾಗಿ ಕೆಲ್ಸ ಮಾಡ್ಕೋ." ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಎರಡೇ ದಿನ, ಸಾಕೇತ್. ಈಗ ಹೋಗುತ್ತಿರುವುದು ಮೂರು ತಿಂಗಳಿಗೆ. ನಾಲ್ಕಕ್ಕೆ ಡ್ಯೂಟಿ ಬದಲಾದಾಗ ಇದನ್ನು ಓದುತ್ತೀಯಲ್ಲ, ನನಗೆ ಬೇಡ, ನಿನ್ನ ಅಮ್ಮನ ನಂಬರಿಗೇ ಮಾಡು. ನಾನು ಬರೆದೆ ಅಂತ ಹೇಳಬೇಡ. ಟ್ಯಾಕ್ಸಿ ಬರುವ ಮೊದಲು, ಬೆಳಕು ಹರಿಯುವ ಮೊದಲು, ದಯವಿಟ್ಟು ಫೋನ್ ಮಾಡು.