ನಲವತ್ತೇಳನೇ ನಂಬರಿನ ಅಚ್ಚು

ಹೋರ್ನಿ ಲುಚ್ನಾ
14 ಅಕ್ಟೋಬರ್ 2006

ಮಗಳೇ ಲಿಬುಷ್ಕಾ,

ನೀನೂ ನಿನ್ನ ಗಂಡನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಐದು ತಿಂಗಳಾಯಿತು. ತಡವಾದದ್ದಕ್ಕೆ ಬೈಯಬೇಡ. ಮೊದಲ ನಾಲ್ಕು ತಿಂಗಳು ಹೇಡಿತನ, ಐದನೆಯದರಲ್ಲಿ ಬಲಗೈಗೆ ಪ್ಲಾಸ್ಟರ್. ಜ್ಞಾನಸ್ನಾನದ ದಿನ ನಿನ್ನನ್ನು ಎತ್ತಿಕೊಂಡಿದ್ದ ಈ ಮುದುಕ ಎಪ್ಪತ್ತೊಂದನೇ ವಯಸ್ಸಿನಲ್ಲಿ ಬಿಯರ್ ಅಂಗಡಿಯಲ್ಲಿ ಕೈ ಮುರಿದುಕೊಂಡ. ಶಾಲೆ ಬಿಟ್ಟದ್ದು ಹದಿನಾಲ್ಕಕ್ಕೆ. ವಾಕ್ಯ ಸೊಟ್ಟಗಿದ್ದರೆ ನೆಟ್ಟಗೆ ಮಾಡಿಕೊಂಡು ಓದು.

ನಿನ್ನಪ್ಪನ ಮಣ್ಣಿಗೆ ನಾನು ಬರಲಿಲ್ಲ. ಬರುವ ಮುಖ ಇರಲಿಲ್ಲ. ಅವನ ಡ್ರಾಯರಿನಲ್ಲಿ, ಕರವಸ್ತ್ರದೊಳಗೆ ಸುತ್ತಿಟ್ಟ ಉಕ್ಕಿನ ಅಚ್ಚು ಸಿಕ್ಕಿತು, ತುದಿಯಲ್ಲಿ 47 ಅಂತಿದೆ ಎಂದು ಬರೆದಿದ್ದೀಯ. "ಬೋರೆಕ್ ಮಾವನನ್ನು ಕೊಂದದ್ದು ನಮ್ಮಪ್ಪನ ಬೆಸುಗೆಯೇನಾ? ಸುತ್ತಿ ಬಳಸದೆ ಹೇಳಿ" ಎಂದು ಕೇಳಿದ್ದೀಯ. ಹೇಳುತ್ತೇನೆ. ಮೊದಲು ಕೈ ಮುರಿದ ಕಥೆ ಕೇಳು, ಅದೂ ಇದಕ್ಕೇ ಸೇರಿದ್ದು.

ಕಳೆದ ತಿಂಗಳು ನಮ್ಮ ಲಾರಿ ಕಾರ್ಖಾನೆಯ ಚಿಮಣಿಗೆ ಮದ್ದಿಟ್ಟು ಉರುಳಿಸಿದರು. ಊರಿಗೆ ಊರೇ ಬೇಲಿಗೆ ಆತು ನಿಂತಿತ್ತು. ಚಿಮಣಿ ಒಂದು ಕ್ಷಣ ಯೋಚಿಸಿದಂತೆ ನಿಂತು, ಸೊಂಟ ಮುರಿದು, ಎರಕದ ಮನೆಯ ಮೇಲೆ ಬಿತ್ತು. ನಾನೂ ನಿನ್ನಪ್ಪನೂ ಒಂದೇ ದಿನ ಆ ಗೇಟಿನೊಳಗೆ ಕಾಲಿಟ್ಟಾಗ ಅಲ್ಲಿ ತಗಡಿನ ಎರಡು ಶೆಡ್ಡು, ವಾರಕ್ಕೆ ಮೂರು ಲಾರಿ. ಇಪ್ಪತ್ತೈದು ವರ್ಷದಲ್ಲಿ ಆರು ಸಾವಿರ ಜನ, ಇಪ್ಪತ್ತು ನಿಮಿಷಕ್ಕೊಂದು ಲಾರಿ. ಮೂತಿಯ ಮೇಲೆ ತಗಡಿನ ಗಿಡುಗ ಕೂತ ನಮ್ಮ ಯೆಸ್ತ್ರಾಬ್ ಲಾರಿ ಸೈಬೀರಿಯಾದ ಹಿಮದಲ್ಲೂ ಓಡಿತು, ಕ್ಯೂಬಾದ ಕಬ್ಬಿನ ಗದ್ದೆಯಲ್ಲೂ ಓಡಿತು. ಆಮೇಲೆ ಎಂಬತ್ತೊಂಬತ್ತು ಬಂತು, ಕಮ್ಯುನಿಸ್ಟರ ಸರ್ಕಾರ ಬಿತ್ತು. ಪೂರ್ವದವರು ಕೊಳ್ಳುವುದನ್ನು ಬಿಟ್ಟರು, ಪಶ್ಚಿಮದವರು ನಮ್ಮನ್ನು ನೋಡಿ ನಕ್ಕರು. ಹತ್ತು ವರ್ಷಕ್ಕೆ ನಾಲ್ಕು ಮಾಲೀಕರು. ಒಬ್ಬ ಯಂತ್ರ ಮಾರಿದ, ಇನ್ನೊಬ್ಬ ನೆಲ ಮಾರಿದ. ಮೂರನೆಯವನನ್ನು ನಮ್ಮವರು ಕಾರಿನಿಂದ ಎಳೆದು ಚರಂಡಿಗೆ ತಳ್ಳಿ ಒದ್ದರು. ಒದ್ದವರಲ್ಲಿ ನಾನೂ ಇದ್ದೆ. ಮೂರು ವರ್ಷದ ಹಿಂದೆ ಕೊನೆಯ ಲಾರಿ ಹೊರಬಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಚಿಮಣಿ ಬಿದ್ದ ಮೇಲೆ ಗೇಟಿನೆದುರಿನ ಬಿಯರ್ ಅಂಗಡಿಗೆ ಹೋದೆ. ನಮ್ಮ ಹಳೇ ಫೋರ್‌ಮನ್ ದ್ರಾಬೆಕ್ ಕೂತಿದ್ದ. ಎಂಬತ್ತಾದರೂ ನಾಲಿಗೆಗೆ ಇನ್ನೂ ಮುಪ್ಪು ಬಂದಿಲ್ಲ.

"ಏನೋ ಓತಾ, ಚಿಮಣಿ ಮಲಗ್ತಲ್ಲೋ. ನಿನ್ನ ಒಕ್ಕಣ್ಣ ದೋಸ್ತ ವೆಂಡಾ ಇದ್ದಿದ್ರೆ ನೋಡ್ಬೋದಿತ್ತು. ಅರ್ಧ ಚಿಮಣಿನಾದ್ರೂ!"

"ಬಾಯ್ ಮುಚ್ಕೊಂಡು ಕುಡಿ, ಮುದಿಯಾ."

"ಯಾಕ್ ಮುಚ್ಲಿ? ಅವನ ಬೆಸುಗೆ ಬಿಟ್ಕೊಂಡಾಗ್ಲೇ ಕಾರ್ಖಾನೆ ಹೆಸ್ರು ಕೆಟ್ಟಿದ್ದು. ನಿನ್ನ ತಮ್ಮನ್ನ ಕೊಂದೋನು ಅಂತ ನೀನೇ ಅಲ್ವೇನೋ ಅವನನ್ನ ಚಚ್ಚಿ ಹಾಕಿದ್ದು? ಈಗ ಯಾಕೆ ಉರ್ಕೊಂಡು ಬೀಳ್ತೀಯ?"

ಮಗ್ಗಿನಿಂದಲೇ ಬಾಯಿಗೆ ಹೊಡೆದೆ. ಮಗ್ಗು ಒಡೆಯಿತು, ಮುಷ್ಟಿಯಲ್ಲಿ ಹೊಡೆದೆ. ಅವನ ಎರಡು ಹಲ್ಲು ನೆಲಕ್ಕೆ ಬಿದ್ದವು, ಮೂರನೆಯದು ನನ್ನ ಗೆಣ್ಣಿಗೆ ನಾಟಿತು. ಅವನು ಸ್ಟೂಲು ಎತ್ತಿ ನನ್ನ ಪಕ್ಕೆಲುಬಿಗೆ ಬೀಸಿದ, ಅಡ್ಡ ಬಂದ ಬಲಗೈ ಮುರಿಯಿತು. ಇಬ್ಬರು ಮುದುಕರು ನೆಲದ ಮೇಲೆ ರಕ್ತ, ಬಿಯರು ಬಳಿದುಕೊಂಡು ಹೊರಳಾಡಿದೆವು. ಅವನು ಹೇಳಿದ್ದು ಒಂದು ಕಾಲಕ್ಕೆ ನಾನೇ ಹೇಳಿದ ಮಾತು. ಅದಕ್ಕೇ ಅಷ್ಟು ಜೋರಾಗಿ ಹೊಡೆದೆ.

ಈಗ ಅಚ್ಚಿನ ವಿಷಯ. ಬೆಸುಗೆ ಹಾಕಿದವನು ಪಕ್ಕದಲ್ಲೇ ತನ್ನ ನಂಬರು ಗುದ್ದಬೇಕು. ಗುದ್ದಿದ ಮೇಲೆ ಆ ಬೆಸುಗೆಯ ಹೊಣೆ ಸಾಯುವವರೆಗೆ ಅವನದು. ನನ್ನದು 46, ನಿನ್ನಪ್ಪನದು 47. ಇದರ ಜೊತೆಗೆ ಪುಸ್ತಕದಲ್ಲಿಲ್ಲದ ಇನ್ನೊಂದು ಪದ್ಧತಿಯೂ ಇತ್ತು. ಒಬ್ಬನಿಗೆ ಹೊರಗೆ ಕೆಲಸವಿದ್ದರೆ ಇನ್ನೊಬ್ಬ ಅವನ ಕಾರ್ಡನ್ನೂ ಹಾಜರಿ ಗಡಿಯಾರಕ್ಕೆ ಒತ್ತುತ್ತಿದ್ದ. ಎಲ್ಲರೂ ಎಲ್ಲರಿಗೂ ಒತ್ತುತ್ತಿದ್ದೆವು. ಕಾರ್ಡು ಒತ್ತಿದ ಮೇಲೆ ಅವನ ನಂಬರಿನ ಬೆಸುಗೆ ಕಾಣಿಸಬೇಕಲ್ಲ? ಅದನ್ನೂ ನಾವೇ ಹಾಕಿ, ಅವನ ಪೆಟ್ಟಿಗೆಯಿಂದ ಅಚ್ಚು ತೆಗೆದು ಗುದ್ದುತ್ತಿದ್ದೆವು. ಹಾಗೆ ಮಾಡದವನು ಸ್ನೇಹಿತನೇ ಅಲ್ಲ.

1982ರ ಡಿಸೆಂಬರ್, ಕ್ರಿಸ್‌ಮಸ್ ಹತ್ತಿರ. ನಿನಗೆ ಏಳು ವರ್ಷ. ಜ್ವರದಲ್ಲಿ ಮಲಗಿ ಕಿತ್ತಳೆ ಬೇಕು ಅಂತ ಹಠ ಹಿಡಿದಿದ್ದೆ. ವರ್ಷಕ್ಕೊಮ್ಮೆ ಸಿಗುವ ಕಿತ್ತಳೆ ಚೌಕದ ಅಂಗಡಿಗೆ ಬರುತ್ತದಂತೆ ಅಂತ ಬೆಳಿಗ್ಗೆಯೇ ಗುಸುಗುಸು.

"ಓತಾ, ನನ್ನ ಕಾರ್ಡು ಒತ್ಬಿಡು. ಎರಡು ಗಂಟೇಲಿ ಓಡ್ಬರ್ತೀನಿ."

"ಹೋಗೋ ಮಾರಾಯ. ಸಿಕ್ರೆ ನನಗೂ ಒಂದು ಕಿಲೋ ತಾ. ಸಿಗ್ಲಿಲ್ಲ ಅಂದ್ರೆ ಬರಲೇ ಬೇಡ."

ಸಾಲು ಉದ್ದವಿತ್ತು, ನಿನ್ನಪ್ಪ ಮಧ್ಯಾಹ್ನದವರೆಗೆ ಬರಲಿಲ್ಲ. ವರ್ಷದ ಕೊನೆಯ ಗುರಿ ಮುಟ್ಟಿಸಿ ಅಂತ ದ್ರಾಬೆಕ್ ಬೆನ್ನ ಹಿಂದೆ ಕೂಗುತ್ತಿದ್ದ. ಇಬ್ಬರ ಕೆಲಸ ನಾನೊಬ್ಬ ಮಾಡಿದೆ. ಸ್ಟೀರಿಂಗ್ ಪೆಟ್ಟಿಗೆಯನ್ನು ಲಾರಿಯ ತಳದ ಚಾಸಿಗೆ ಹಿಡಿಯುವ ಬ್ರಾಕೆಟ್ಟು ಒಂದಿರುತ್ತದೆ. ಅದಕ್ಕೆ ಹೊರಗಡೆ ಚಂದ ಕಾಣುವ ಹಾಗೆ ಬೆಸುಗೆ ಎಳೆದೆ, ಒಳಗಡೆ ತುಂಬಲಿಲ್ಲ. ಪಕ್ಕದಲ್ಲಿ 47 ಗುದ್ದಿದೆ. ನಿನ್ನಪ್ಪ ನಗುತ್ತಾ ಬಂದು ನನ್ನ ಕೈಗೆ ಮೂರು ಕಿತ್ತಳೆ ಇಟ್ಟ. ಬೆಸುಗೆ ಒಳಗೆ ಟೊಳ್ಳು ಅನ್ನುವುದನ್ನು ಅವನಿಗೆ ಹೇಳಲಿಲ್ಲ.

ಫೆಬ್ರವರಿಯಲ್ಲಿ ಆ ಲಾರಿಯನ್ನು, ಹಿಂದೆ ಹತ್ತು ಟನ್ ಕಾಂಕ್ರೀಟಿನ ದಿಮ್ಮಿ ಹೇರಿ, ಇಳಿಜಾರಿನಲ್ಲಿ ಪರೀಕ್ಷೆಗೆ ಓಡಿಸಿದವನು ನನ್ನ ತಮ್ಮ ಬೋರೆಕ್. ಬ್ರಾಕೆಟ್ಟು ಕಿತ್ತು ಬಂತು. ತಿರುವಿನಲ್ಲಿ ಸ್ಟೀರಿಂಗು ಅವನ ಕೈಯಲ್ಲಿ ಆಟದ ಸಾಮಾನಿನಂತೆ ಸುಮ್ಮನೆ ತಿರುಗಿರಬೇಕು. ಕಲ್ಲಿನ ಗೋಡೆಗೆ ಗುದ್ದಿತು, ಹಿಂದಿನ ಕಾಂಕ್ರೀಟು ಮುಂದಕ್ಕೆ ಬಂದು ಕ್ಯಾಬನ್ನು ಅಪ್ಪಚ್ಚಿ ಮಾಡಿತು. ಕ್ಯಾಬು ಕತ್ತರಿಸಿ ಅವನನ್ನು ಹೊರಗೆಳೆದವನು ನಾನು. ಕತ್ತರಿಸುವ ಗ್ಯಾಸಿನ ಬೆಂಕಿಗೆ ಅವನ ಕೂದಲು ಚಟಪಟ ಅಂದಿತು. ಸ್ಟೀರಿಂಗ್ ಕೋಲು ಎದೆಯೊಳಗಿತ್ತು. ಆಗಿನ್ನೂ ಉಸಿರಿತ್ತು. ಕೋಲು ಕತ್ತರಿಸುವಷ್ಟರಲ್ಲಿ ಇರಲಿಲ್ಲ.

ಮಣ್ಣು ಮಾಡಿದ ಮಾರನೇ ದಿನ ಕ್ಯಾಂಟೀನಿನಲ್ಲಿ ದ್ರಾಬೆಕ್ ಆ ಬ್ರಾಕೆಟ್ಟನ್ನು ಮೇಜಿನ ಮೇಲೆ ಎಸೆದ.

"ನಲವತ್ತೇಳು! ಯಾರದ್ರೋ ಇದು? ಎದ್ದು ನಿಂತ್ಕೊಳ್ರಿ!"

ನಿನ್ನಪ್ಪ ಗುಲಾಷಿನ ತಟ್ಟೆ ಸರಿಸಿ ಎದ್ದ. ದ್ರಾಬೆಕನನ್ನು ನೋಡಲಿಲ್ಲ, ನನ್ನನ್ನು ನೋಡಿದ. "ಓತಾ…" ಅಂದ, ಅಷ್ಟೇ. ನಾನು ಮೇಜು ಹಾರಿ ಅವನ ಮೇಲೆ ಬಿದ್ದೆ. "ಕೊಲೆಗಡುಕ, ನನ್ನ ತಮ್ಮನ್ನ ತಿಂದ್ಯಲ್ಲೋ!" ಅಂತ ಕಿರುಚುತ್ತಾ ಹೊಡೆದೆ. ಅವನು ಕೈ ಎತ್ತಲಿಲ್ಲ. ತಲೆಯನ್ನು ಮೇಜಿನ ಕಬ್ಬಿಣದ ಅಂಚಿಗೆ ಚಚ್ಚಿದೆ. ನಾಲ್ಕು ಜನ ಬಿಡಿಸುವ ಹೊತ್ತಿಗೆ ಅವನ ಎಡಗಣ್ಣು ಹೋಗಿತ್ತು. ಮೊಳೆ ಸಿಡಿದು ಕಣ್ಣು ಹೋಯಿತು ಅಂತ ನಿನಗೆ ಹೇಳಿದ್ದನಂತೆ. ಮೊಳೆಯಲ್ಲ ಮಗಳೇ, ನಾನು.

ಸಿಟ್ಟಿಗೆ ನೆನಪಿರುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಕಿತ್ತಳೆ ನೆನಪಾಯಿತು, ಆ 47 ಗುದ್ದಿದ ಕೈ ನನ್ನದು ಅಂತ. ಒಳಗೆ ಹೋಗಿ ಕಾಲು ಹಿಡಿದೆ. "ಹೇಳ್ಬಿಡ್ತೀನಿ ಕಣೋ ವೆಂಡಾ, ಎಲ್ಲಾ ಹೇಳ್ಬಿಡ್ತೀನಿ" ಅಂದೆ.

"ಸುಮ್ನಿರೋ. ನಿಮ್ಮಮ್ಮ ಒಬ್ಬನ್ನ ಗುಂಡಿಗಿಳಿಸಿ ಬಂದಿದಾಳೆ. ಇನ್ನೊಬ್ಬನ್ನ ಜೈಲಿಗೆ ಕಳಿಸ್ಬೇಕಾ? ಕಾರ್ಡು ಒತ್ತು ಅಂದೋನು ನಾನು."

ನಾನು ಸುಮ್ಮನಿದ್ದೆ. ಅವನು ಹದಿನೆಂಟು ತಿಂಗಳು ಒಳಗಿದ್ದ. ಆಮೇಲೆ ನಿಮ್ಮನ್ನು ಕರೆದುಕೊಂಡು ನಿನ್ನಮ್ಮನ ಊರಿಗೆ, ಮೊರಾವಿಯಾಕ್ಕೆ ಹೋಗಿಬಿಟ್ಟ. ನನ್ನ ತಾಯಿ ಒಂಬತ್ತು ವರ್ಷ ಬದುಕಿದಳು. ಅವಳು ಹೋದ ಮೇಲೆ ಬಾಯಿ ಬಿಡಲು ಯಾವ ಅಡ್ಡಿಯೂ ಇರಲಿಲ್ಲ. ಆದರೂ ಬಿಡಲಿಲ್ಲ.

ಮೊನ್ನೆ ಪ್ಲಾಸ್ಟರ್ ಬಿಚ್ಚಿಸಿಕೊಂಡು ನೇರ ಬಿಯರ್ ಅಂಗಡಿಗೆ ಹೋಗಿ ದ್ರಾಬೆಕನ ಮುಂದೆ, ಎಲ್ಲರಿಗೂ ಕೇಳುವ ಹಾಗೆ, ಇದಿಷ್ಟನ್ನೂ ಹೇಳಿದೆ. ಅವನು ನನ್ನ ಮಗ್ಗಿಗೆ ಉಗಿದು ಎದ್ದುಹೋದ. ನಾನು ಅದನ್ನೇ ಕುಡಿದೆ.

ನಿನ್ನಪ್ಪ ಯಾರನ್ನೂ ಕೊಲ್ಲಲಿಲ್ಲ. ಕಿತ್ತಳೆಯ ಪಾಪವನ್ನು ನೀನು ತಲೆ ಮೇಲೆ ಹೊತ್ತುಕೊಳ್ಳಬೇಡ, ಏಳು ವರ್ಷದ ಮಗುವಿನ ಜ್ವರ ಯಾರನ್ನೂ ಕೊಲ್ಲುವುದಿಲ್ಲ. ನಿನ್ನ ಮನೆ ಬೆಚ್ಚಗಿರಲಿ, ನಿನ್ನ ಕೈಗೆ ಎಂದೂ ಯಾರ ರಕ್ತವೂ ಅಂಟದಿರಲಿ. ಮುಂದಿನ ತಿಂಗಳು ಸತ್ತವರ ದಿನ ವೆಂಡಾನ ಗೋರಿಗೆ ಮೇಣದಬತ್ತಿ ಹಚ್ಚಲು ಬರುತ್ತೇನೆ. ನಿನ್ನ ಮನೆಯ ಗೇಟು ತೆಗೆಯುವುದೂ ಬಿಡುವುದೂ ನಿನಗೆ ಸೇರಿದ್ದು.

ನಿನ್ನ ಜ್ಞಾನತಂದೆ ಅನ್ನಿಸಿಕೊಂಡ,
ಓತಾಕರ್

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳಿದೆ. ಕಿತ್ತಳೆ ನೆನಪಾದದ್ದು ಆಸ್ಪತ್ರೆಯಲ್ಲಲ್ಲ. ಕ್ಯಾಂಟೀನಿನಲ್ಲಿ, ಮೂರನೇ ಏಟಿಗೆ. ಆಗಿನ್ನೂ ಅವನಿಗೆ ಎರಡು ಕಣ್ಣೂ ಇದ್ದವು. ಅವನು ಏನೋ ಹೇಳಲು ತುಟಿ ಬಿಚ್ಚಿದ. ಆಮೇಲಿನ ನಾಲ್ಕು ಏಟು ಬೋರೆಕನಿಗಾಗಿ ಹೊಡೆದದ್ದಲ್ಲ, ಅವನು ಬಾಯಿ ತೆರೆಯದಿರಲಿ ಅಂತ ಹೊಡೆದದ್ದು. ಅವನಿಗೆ ಅರ್ಥವಾಯಿತು. ಈ ವಿಷಯಕ್ಕೆ ಸಾಯುವವರೆಗೂ ಯಾರೆದುರೂ ಬಾಯಿ ತೆರೆಯಲಿಲ್ಲ.